ಮೆಟ್ಟಿಲ ದೀಪವೂ ನಾಲ್ಕು ಟೆಸ್ಟರ್‌ಗಳೂ

ನಮ್ಮ ಮನೆಯಲ್ಲಿ ಮೆಟ್ಟಿಲ ದೀಪ ಹಾಕಿದರೆ ಮನೆ ಕತ್ತಲಾಗುತ್ತಿತ್ತು. ಮಾತಿನ ಚಮತ್ಕಾರಕ್ಕೆ ಹೇಳುತ್ತಿಲ್ಲ. ಸ್ವಿಚ್ ಒತ್ತಿದ ಕೂಡಲೇ ಬೋರ್ಡಿನಲ್ಲಿ ‘ಟಕ್’ ಎಂಬ ಸದ್ದು; ಒಮ್ಮೆ ಕೆಳಗಿನ ಅಂತಸ್ತು ಆರುತ್ತಿತ್ತು, ಒಮ್ಮೆ ಮೇಲಿನದು, ಕೆಲವೊಮ್ಮೆ ಎರಡೂ ಒಟ್ಟಿಗೆ. ಆ ದೀಪದ ಬೆನ್ನು ಹತ್ತಿ ಎರಡು ಭಾನುವಾರ ನಾಲ್ಕು ಬಗೆಯ ಟೆಸ್ಟರ್ ಬಳಸಿದೆ. ಮೂರು ಮನೆಯಲ್ಲೇ ಇದ್ದವು. ನಾಲ್ಕನೆಯದನ್ನು, ಅಂದರೆ ಎರಡು ಕಡ್ಡಿಗಳ ವೋಲ್ಟೇಜ್ ಟೆಸ್ಟರನ್ನು, ಇದಕ್ಕಾಗಿಯೇ ಕೊಂಡೆ. ಈ ಬರಹ ಮುಖ್ಯವಾಗಿ ಅದರ ಬಗ್ಗೆ. ಆದರೆ ಉಳಿದ ಮೂರು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿದ್ದವು ಎಂಬುದನ್ನು ಹೇಳದೆ ಅದರ ಗುಣ ಹೇಳಲಾಗುವುದಿಲ್ಲ.

ನಾನು ಎಲೆಕ್ಟ್ರಿಷಿಯನ್ ಅಲ್ಲ. 22 ವರ್ಷಗಳಿಂದ ಲೆಕ್ಕ ಬರೆಯುವವಳು. ಜಮೆ-ಖರ್ಚು ತಾಳೆಯಾಗದಿದ್ದರೆ ನಿದ್ದೆ ಬಾರದ ಸ್ವಭಾವ ಇಲ್ಲಿಗೂ ಒದಗಿತು. ಮನೆ ಅಪ್ಪ ಕಟ್ಟಿಸಿದ್ದು, ವಯಸ್ಸಿನಲ್ಲಿ ನನಗಿಂತ ಹಿರಿದು. ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಎಳೆದ ಹಳೆಯ ವೈರಿಂಗು ಮೆಟ್ಟಿಲ ಬಳಿ ಇನ್ನೂ ಹಾಗೆಯೇ ಇದೆ. ಉಳಿದೆಡೆ ಒಂದೊಂದು ಕಾಲಕ್ಕೆ ಒಬ್ಬೊಬ್ಬರು ಬದಲಿಸಿದ್ದಾರೆ. ಇತ್ತೀಚೆಗೆ ಪಿಂಗಾಣಿ ಫ್ಯೂಸುಗಳ ಬೋರ್ಡನ್ನು ತೆಗೆಸಿ ಹೊಸದು ಹಾಕಿಸಿದೆವು. ಕರೆಂಟು ಅತಿಯಾದರೆ ತಾವೇ ಆರುವ ಎಂಸಿಬಿಗಳ ಜೊತೆಗೆ, ಕರೆಂಟು ಸೋರಿದರೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರ್‌ನ ಎರಡು ಆರ್‌ಸಿಸಿಬಿ ಅಂತಸ್ತಿಗೊಂದರಂತೆ ಬಂದು ಕೂತವು. ರಗಳೆ ಶುರುವಾದದ್ದು ಅಂದಿನಿಂದಲೇ.

ಬೋರ್ಡು ಕೂರಿಸಿದವರು ಬಂದು ನೋಡಿ, ಆರ್‌ಸಿಸಿಬಿಯೇ ಕೆಟ್ಟಿದೆ ಎಂದು ಒಂದನ್ನು ಬದಲಿಸಿದರು. ಹೊಸದೂ ಹಾಗೆಯೇ ಟ್ರಿಪ್ ಆಯಿತು. ಎರಡನೆಯ ಸಲ ಬಂದಾಗ ತಲೆ ಕೆರೆದುಕೊಂಡು, “ಅಕ್ಕ, ಹಳೆಯ ಮನೆಗಳಿಗೆ ಇದು ಒಗ್ಗುವುದಿಲ್ಲ. ತೆಗೆದು ನೇರ ಕೊಟ್ಟುಬಿಡುತ್ತೇನೆ” ಎಂದರು. ನಾನು ಬೇಡವೆಂದೆ. ಆರ್‌ಸಿಸಿಬಿ ಮಾಡುವುದು ನನ್ನ ಕೆಲಸವನ್ನೇ. ಫೇಸ್ ವೈರಿನಲ್ಲಿ ಎಷ್ಟು ಕರೆಂಟು ಹೊರಟಿತೋ ಅಷ್ಟೂ ನ್ಯೂಟ್ರಲ್ ವೈರಿನಲ್ಲಿ ಮರಳಿತೇ ಎಂದು ಅದು ತಾಳೆ ನೋಡುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವುದರೊಳಗೆ ಸಂಪರ್ಕ ಕಡಿಯುತ್ತದೆ, ಏಕೆಂದರೆ ಕಾಣೆಯಾದ ಕರೆಂಟು ಯಾರದೋ ಮೈ ಮೂಲಕ ನೆಲಕ್ಕೆ ಇಳಿಯುತ್ತಿರಬಹುದು. ಲೆಕ್ಕ ತಪ್ಪಿದೆ ಎಂದು ಹೇಳಿದ ಗುಮಾಸ್ತನನ್ನೇ ಕೆಲಸದಿಂದ ತೆಗೆಯುವ ಪದ್ಧತಿ ನನಗೆ ಹೊಸದೇನಲ್ಲ, ಆದರೆ ಮನೆಯಲ್ಲಿ ಅದು ಬೇಡ.

ಮೊದಲ ಭಾನುವಾರ ಅಪ್ಪ ತಮ್ಮ ಟೆಸ್ಟರ್ ಹಿಡಿದು ಬಂದರು. ಎಲ್ಲರ ಮನೆಯಲ್ಲೂ ಇರುವ ಸ್ಕ್ರೂಡ್ರೈವರ್ ಆಕಾರದ ನಿಯಾನ್ ಟೆಸ್ಟರ್. ತುದಿಯನ್ನು ವೈರಿಗೆ ತಾಗಿಸಿ ಹಿಂಬದಿಯ ಲೋಹದ ಗುಂಡಿಗೆ ಬೆರಳಿಟ್ಟರೆ, ಫೇಸ್ ಇದ್ದಲ್ಲಿ ಒಳಗಿನ ಪುಟ್ಟ ಬಲ್ಬು ಕಿತ್ತಳೆ ಬಣ್ಣಕ್ಕೆ ಹೊತ್ತುತ್ತದೆ. ಒಳಗೆ ಸುಮಾರು 10 ಲಕ್ಷ ಓಮ್‌ನ ರೆಸಿಸ್ಟರ್ ಇರುವುದರಿಂದ ಹರಿಯುವ ಕರೆಂಟು ಒಂದು ಮಿಲಿ ಆಂಪಿಯರ್‌ಗೂ ಬಹಳ ಕಡಿಮೆ, ನಮಗೆ ತಿಳಿಯುವುದಿಲ್ಲ. ಆದರೆ ಅದು ಹರಿಯುವುದು ನಮ್ಮ ಮೈ ಮೂಲಕವೇ ಎಂಬುದನ್ನು ಮರೆಯಬಾರದು. ಹಿಡಿ ಬಿರುಕು ಬಿಟ್ಟಿದ್ದರೆ ಅಥವಾ ಒಳಗೆ ತೇವ ಸೇರಿದ್ದರೆ ಅದನ್ನು ಎಸೆಯಬೇಕು. ಅಪ್ಪ ಅದರ ಹಿಡಿಯನ್ನು ಅಂಗೈಯಲ್ಲಿ ಮರೆಮಾಡಿ, ಒಂದು ಕಣ್ಣು ಕಿರಿದಾಗಿಸಿ, ಬೆಳಕಿಂಡಿಯಲ್ಲಿ ಇಣುಕುವವರ ಹಾಗೆ ನೋಡುತ್ತಾರೆ. ಹಗಲಿನಲ್ಲಿ ಬೇರೆ ದಾರಿಯಿಲ್ಲ. ಬಿಸಿಲಿನಲ್ಲಿ ಆ ಬೆಳಕು ಇದ್ದೂ ಇಲ್ಲದಂತೆ. ಮರದ ಸ್ಟೂಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತರೆ ಇನ್ನೂ ಮಂಕು.

ಮೇನ್ ಆರಿಸಿ, ಮಹಡಿ ಹತ್ತಿದ ಮೇಲೆ ಸಿಗುವ ಸ್ವಿಚ್ಚಿನ ಬೋರ್ಡು ಬಿಚ್ಚಿದೆ. ಕಂದು ಬೇಕಲೈಟಿನ ಮುಚ್ಚಳದ ಹಿಂದೆ ಧೂಳು, ಜೇಡರ ಬಲೆ, ನೂಲಿನ ಕವಚವಿರುವ ರಬ್ಬರ್ ವೈರುಗಳು. ಸ್ಕ್ರೂ ಹತ್ತಿರದ ರಬ್ಬರು ಬಹಳ ವರ್ಷ ಕಾಗದದ ಕಟ್ಟಿಗೆ ಸುತ್ತಿಟ್ಟು ಮರೆತ ರಬ್ಬರ್ ಬ್ಯಾಂಡಿನಂತಾಗಿತ್ತು. ನೋಡುವುದಕ್ಕೆ ಸರಿಯಾಗಿಯೇ ಇದೆ, ಉಗುರು ತಾಗಿಸಿದರೆ ಚೂರು ಉದುರುತ್ತದೆ. ಇಂಥ ವೈರನ್ನು ಬಗ್ಗಿಸುವುದು, ಎಳೆಯುವುದು ಎಂದರೆ ಹೊಸ ತೊಂದರೆಗೆ ನಾವೇ ಬಾಗಿಲು ತೆರೆದಂತೆ. ಒಂದೇ ದೀಪವನ್ನು ಕೆಳಗಿನಿಂದಲೂ ಮೇಲಿನಿಂದಲೂ ಹಾಕಿ ಆರಿಸಬಹುದಾದ ಟೂ ವೇ ಸ್ವಿಚ್ಚು ಇದು, ಹಾಗಾಗಿ ಇದಕ್ಕೆ ಮೂರು ವೈರು: ಒಂದು ಬಲ್ಬಿಗೆ ಹೋಗುವ ಕಾಮನ್, ಎರಡು ಕೆಳಗಿನ ಸ್ವಿಚ್ಚಿಗೆ ಓಡುವ ಜೋಡಿ. ಅದೇ ಡಬ್ಬಿಯ ಮೂಲೆಯಲ್ಲಿ, ಸ್ವಿಚ್ಚಿಗೆ ಸೇರದ ಕಪ್ಪು ವೈರುಗಳ ಒಂದು ಗಂಟು. ಮೇಲಿನ ಅಂತಸ್ತಿನ ನ್ಯೂಟ್ರಲ್ ಅದು ಎಂದು ಅಪ್ಪ ಗುರುತು ಹಿಡಿದರು. ಬಣ್ಣ ನಂಬಿ ಹಾಗೆ ಹೇಳಲು ಯಾವಾಗಲೂ ಆಗುವುದಿಲ್ಲ. ಬರೀ ಎರಡು ವೈರು ಇಳಿದಿರುವ ಸಾಧಾರಣ ಸ್ವಿಚ್ಚಿನಲ್ಲಿ ಒಂದು ಕಪ್ಪಗಿದ್ದರೂ ಅದು ನ್ಯೂಟ್ರಲ್ ಅಲ್ಲ. ಒಂದರಲ್ಲಿ ಫೇಸ್ ಬರುತ್ತದೆ, ಇನ್ನೊಂದರಲ್ಲಿ ಅದೇ ಫೇಸ್ ಬಲ್ಬಿಗೆ ಹೋಗುತ್ತದೆ, ಅಷ್ಟೇ.

ಕೆಳಗಿನ ಅಂತಸ್ತಿನ ಆರ್‌ಸಿಸಿಬಿಯನ್ನು ಮಾತ್ರ ಹಾಕಿ, ಮೇಲಿನದನ್ನು ಆರಿಸಿಯೇ ಇಟ್ಟು ಪರೀಕ್ಷೆ ಶುರು ಮಾಡಿದೆವು. ಮಹಡಿಯೆಲ್ಲ ಕರೆಂಟಿಲ್ಲ. ಅಪ್ಪ ಕಪ್ಪು ಗಂಟಿಗೆ ಟೆಸ್ಟರ್ ತಾಗಿಸಿದರು. ಹೊತ್ತಿತು.

“ಕಪ್ಪಿನಲ್ಲಿ ಫೇಸ್ ಬಂದಿದೆ. ಯಾರೋ ಪುಣ್ಯಾತ್ಮರು ಅದಲುಬದಲು ಮಾಡಿದ್ದಾರೆ” ಎಂದರು ಅಪ್ಪ.

“ಅಪ್ಪ, ಮಹಡಿಯ ಕರೆಂಟೇ ಆರಿಸಿದ್ದೇವಲ್ಲ. ಅದಲುಬದಲಾಗಿದ್ದರೂ ಫೇಸ್ ಎಲ್ಲಿಂದ ಬರಬೇಕು?”

ಅವರು ಉತ್ತರ ಕೊಡಲಿಲ್ಲ. ಟೆಸ್ಟರನ್ನು ತಿರುಗಿಸಿ ನೋಡಿ, ಅಂಗಿಗೆ ಒರೆಸಿ, ಮತ್ತೆ ತಾಗಿಸಿದರು. ಮತ್ತೆ ಹೊತ್ತಿತು.

ಪೆನ್ನಿನ ಆಕಾರದ, ವೈರಿಗೆ ತಾಗಿಸದೆ ಹತ್ತಿರ ಹಿಡಿದರೆ ಸಾಕಾಗುವ ಟೆಸ್ಟರನ್ನು ತಂದೆ. ಅದು ಡಬ್ಬಿಯ ಬಾಯಿಗೆ ಹೋಗುವ ಮೊದಲೇ ಕೂಗಲು ಶುರು. ಅದಕ್ಕೆ ತಿಳಿಯುವುದು ವಿದ್ಯುತ್ ಕ್ಷೇತ್ರ ಮಾತ್ರ. ಒಂದರ ಪಕ್ಕ ಒಂದು ಮಲಗಿರುವ ನಾಲ್ಕು ವೈರುಗಳಲ್ಲಿ ಯಾವುದರಲ್ಲಿ ಎಂದು ಕೇಳಿದರೆ ಉತ್ತರವಿಲ್ಲ. ಲೋಹದ ಪೈಪಿನೊಳಗಿನ ವೈರು ಅದಕ್ಕೆ ಕಾಣಿಸುವುದೇ ಇಲ್ಲ, ಸೆಲ್ ಮುಗಿದಿದ್ದರೆ ಫೇಸ್ ಎದುರೂ ಮೌನ. ಗೋಡೆಗೆ ಮೊಳೆ ಹೊಡೆಯುವ ಮೊದಲು ಒಮ್ಮೆ ಆಡಿಸಿ ನೋಡಲು ಚೆನ್ನ. ಅದು ಸುಮ್ಮನಿದೆ ಎಂಬ ಧೈರ್ಯದಲ್ಲಿ ವೈರು ಮುಟ್ಟುವವರ ಜೊತೆ ನನಗೆ ಮಾತಿಲ್ಲ.

ಆಮೇಲೆ ಮಲ್ಟಿಮೀಟರ್. ಅಂಕಿ ತೋರಿಸುವ ವಸ್ತುವಿನ ಮೇಲೆ ನನಗೆ ಸಹಜವಾಗಿಯೇ ವಿಶ್ವಾಸ. ಹಳೆಯ ಲೈಟಿನ ವೈರಿಂಗಿನಲ್ಲಿ ಅರ್ಥ್ ವೈರೇ ಇಲ್ಲದ್ದರಿಂದ ಬೋರ್ಡಿನ ಅರ್ಥ್‌ನಿಂದ ಒಂದು ಉದ್ದನೆಯ ವೈರನ್ನು ಮಹಡಿಗೆ ಎಳೆದುಕೊಂಡು, ಅದಕ್ಕೆ ಹೋಲಿಸಿ ಒಂದೊಂದನ್ನೇ ಅಳೆದೆ. ಬಲ್ಬಿಗೆ ಹೋಗುವ ಕಾಮನ್: 228 ವೋಲ್ಟ್. ಜೋಡಿಯಲ್ಲಿ ಒಂದು: 228. ಇನ್ನೊಂದು: 87. ಕಪ್ಪು ಗಂಟು: 228.

ಆ 87 ನನ್ನ ಇಡೀ ಸಂಜೆಯನ್ನು ತಿಂದಿತು. 228 ಅಂದರೆ ಫೇಸ್, ಸೊನ್ನೆ ಅಂದರೆ ಇಲ್ಲ. 87 ಅಂದರೆ ಏನು? ಎಲ್ಲೋ ವೈರು ಅರ್ಧ ಸುಟ್ಟಿದೆಯೇ, ಗೋಡೆಯ ತೇವದಲ್ಲಿ ಸೋರುತ್ತಿದೆಯೇ? ಲೆಕ್ಕದಲ್ಲಿ ತಾಳೆಯಾಗದ ಸಣ್ಣ ಮೊತ್ತವೇ ದೊಡ್ಡ ತಪ್ಪಿನ ಸುಳಿವು ಎಂಬುದು ನನ್ನ ಅನುಭವ. ಹಾಗಾಗಿ ಕಪ್ಪು ಗಂಟಿನ 228ನ್ನು ಬದಿಗಿಟ್ಟು 87ರ ಹಿಂದೆ ಹೋದೆ. ರಾತ್ರಿಯವರೆಗೂ ಹೋದೆ. ಏನೂ ಸಿಗಲಿಲ್ಲ.

ಸಿಗುವಂಥದ್ದು ಅಲ್ಲಿ ಇರಲೂ ಇಲ್ಲ. ಟೂ ವೇ ಸ್ವಿಚ್ಚಿನ ಜೋಡಿ ವೈರಿನಲ್ಲಿ ಯಾವಾಗಲೂ ಒಂದರಲ್ಲಿ ಫೇಸ್ ಇರುತ್ತದೆ. ಎರಡೂ ಸ್ವಿಚ್ಚುಗಳು ಅದೇ ವೈರಿನ ಕಡೆ ವಾಲಿದ್ದರೆ ಜೊತೆಯ ವೈರು ಎರಡೂ ತುದಿಯಲ್ಲಿ ಯಾವುದಕ್ಕೂ ಸೇರದೆ ತೂಗುತ್ತಿರುತ್ತದೆ. ಮೀಟರುಗಟ್ಟಲೆ ಫೇಸ್ ವೈರಿನ ಮಗ್ಗುಲಲ್ಲೇ ಓಡುವುದರಿಂದ ಅದಕ್ಕೂ ಒಂದಿಷ್ಟು ವೋಲ್ಟೇಜ್ ತಾಗಿಕೊಳ್ಳುತ್ತದೆ. ಒಂದು ಚಿಕ್ಕ ಬಲ್ಬನ್ನೂ ಉರಿಸಲಾರದ ಪೊಳ್ಳು ವೋಲ್ಟೇಜ್. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸುಮಾರು 1 ಕೋಟಿ ಓಮ್. ಅದು ವೈರಿನಿಂದ ಏನನ್ನೂ ಎಳೆದುಕೊಳ್ಳದೆ ಸುಮ್ಮನೆ ಓದುತ್ತದೆ. ಹಾಗಾಗಿ ಪೊಳ್ಳನ್ನೂ ಗಟ್ಟಿಯನ್ನೂ ಒಂದೇ ಗಾಂಭೀರ್ಯದಿಂದ ಪರದೆಯ ಮೇಲೆ ಬರೆಯುತ್ತದೆ. ಮೀಟರು ಸುಳ್ಳು ಹೇಳಲಿಲ್ಲ. ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಹಣವಿದೆ ಎಂದುಕೊಂಡವಳು ನಾನು.

ಇದನ್ನೆಲ್ಲ ಆ ವಾರ ಓದಿ ತಿಳಿದುಕೊಂಡ ಮೇಲೆ ಕೊಂಡದ್ದು ಎರಡು ಕಡ್ಡಿಯ ಟೆಸ್ಟರ್. ಎರಡು ದಪ್ಪ ಪ್ಲಾಸ್ಟಿಕ್ ಹಿಡಿಗಳು, ನಡುವೆ ಸುಮಾರು ಒಂದು ಮೀಟರ್ ವೈರು, ಹಿಡಿಗಳ ತುದಿಯಲ್ಲಿ ಲೋಹದ ಮೊನೆ. ದೊಡ್ಡ ಹಿಡಿಯ ಮೇಲೆ ಏಣಿಯಂತೆ 12, 24, 50, 120, 230, 400 ಎಂದು ಬರೆದ ಪುಟ್ಟ ದೀಪಗಳು. ಎರಡು ಮೊನೆಗಳನ್ನು ಎರಡು ಕಡೆ ತಾಗಿಸಿದರೆ ವೋಲ್ಟೇಜ್ ಎಷ್ಟಿದೆಯೋ ಅಲ್ಲಿಯವರೆಗಿನ ದೀಪಗಳು ಹೊತ್ತುತ್ತವೆ. ಕರೆಂಟು ನಮ್ಮ ಮೈ ಮೂಲಕ ಹೋಗುವುದಿಲ್ಲ, ಆದ್ದರಿಂದ ಚಪ್ಪಲಿ, ಸ್ಟೂಲು ಯಾವುದೂ ಲೆಕ್ಕಕ್ಕಿಲ್ಲ. ನಾನು ಕೊಂಡದ್ದರಲ್ಲಿ ವೋಲ್ಟೇಜ್ ತೋರಿಸುವ ದೀಪಗಳಿಗೆ ಸೆಲ್ ಬೇಕಿಲ್ಲ, ಅಳೆಯುತ್ತಿರುವ ಕರೆಂಟಿನಿಂದಲೇ ಹೊತ್ತುತ್ತವೆ. ಸೆಲ್ ಬೇಕಾಗುವುದು ವೈರು ತುಂಡಾಗಿದೆಯೇ ಎಂದು ಬೀಪ್ ಸದ್ದಿನಿಂದ ನೋಡುವುದಕ್ಕೆ. ಕೊಳ್ಳುವವರು ಮೈಮೇಲೆ ಐಇಸಿ 61243-3 ಎಂಬ ಗುರುತು ಇದೆಯೇ ನೋಡಿಕೊಳ್ಳಿ. ಈ ಜಾತಿಯ ಟೆಸ್ಟರಿಗೆ ಇರುವ ಮಾನದಂಡ ಅದು.

ಮುಖ್ಯ ಗುಣ ಬೇರೆ ಇದೆ. ಇದು ಅಳೆಯುವಾಗ ಸ್ವಲ್ಪ ಕರೆಂಟನ್ನು ಎಳೆದುಕೊಳ್ಳುತ್ತದೆ. ಪೊಳ್ಳು ವೋಲ್ಟೇಜ್ ಆ ಭಾರಕ್ಕೆ ಕುಸಿಯುತ್ತದೆ, ನಿಜವಾದದ್ದು ಜಗ್ಗುವುದಿಲ್ಲ. ಎರಡೂ ಹಿಡಿಗಳಲ್ಲಿ ಒಂದೊಂದು ಗುಂಡಿಯಿದೆ; ಎರಡನ್ನೂ ಒಟ್ಟಿಗೆ ಒತ್ತಿದರೆ ಎಳೆತ ಇನ್ನೂ ಹೆಚ್ಚುತ್ತದೆ.

ಎರಡನೆಯ ಭಾನುವಾರ ಅದೇ ಡಬ್ಬಿ, ಅದೇ ಅರ್ಥ್ ವೈರು. ಮೊದಲು ಬೋರ್ಡಿನಲ್ಲಿ ಫೇಸ್ ಇರುವುದು ಖಚಿತವಿದ್ದ ಜಾಗಕ್ಕೆ ತಾಗಿಸಿ ಟೆಸ್ಟರ್ ಸರಿಯಿದೆ ಎಂದು ನೋಡಿಕೊಂಡೆ. ಮೇಲೆ ಹೋಗಿ 87 ತೋರಿಸಿದ ವೈರಿಗೆ ತಾಗಿಸಿದೆ. ಒಂದು ದೀಪವೂ ಹೊತ್ತಲಿಲ್ಲ. ಒಂದು ಇಡೀ ಸಂಜೆ ಹುಡುಕಿದ ಕಳ್ಳ ಇರಲೇ ಇಲ್ಲ. ಕಪ್ಪು ಗಂಟಿಗೆ ತಾಗಿಸಿದೆ. 12ರಿಂದ 230ರವರೆಗೆ ಏಣಿ ಪೂರ್ತಿ ಬೆಳಗಿತು. ಅಪ್ಪನ ಟೆಸ್ಟರ್ ಕಂಡದ್ದು ನಿಜವೇ. ಆದರೆ ಮಹಡಿ ಆರಿದ್ದರೂ ಬರುತ್ತಿರುವ ಈ ಫೇಸ್ ಯಾವ ದಾರಿಯಲ್ಲಿ ಬರುತ್ತಿದೆ?

ಅಪ್ಪನಿಗೆ ಆ ಹೊತ್ತಿಗೆ ಏನೋ ಹೊಳೆದಿರಬೇಕು. ಏಣಿ ಹತ್ತಿ ಮೆಟ್ಟಿಲ ದೀಪದ ಬಲ್ಬನ್ನು ಬಿಚ್ಚಿದರು. 60 ವ್ಯಾಟಿನ ಹಳೆಯ ತಂತಿ ಬಲ್ಬು. “ಈಗ ನೋಡು” ಎಂದರು. ಕಪ್ಪು ಗಂಟಿನಲ್ಲಿ ಏನೂ ಇಲ್ಲ. ಬಲ್ಬು ಹಾಕಿದರು, ಏಣಿ ಬೆಳಗಿತು. ತೆಗೆದರು, ಆರಿತು. ಮೂರು ಸಲ ಮಾಡಿಸಿದೆ, ಸಂಶಯಕ್ಕಲ್ಲ, ಖುಷಿಗೆ.

ವಿಷಯ ಇಷ್ಟು. ಮೆಟ್ಟಿಲ ದೀಪಕ್ಕೆ ಫೇಸ್ ಬಂದಿರುವುದು ಕೆಳಗಿನ ಅಂತಸ್ತಿನಿಂದ. ನ್ಯೂಟ್ರಲ್ಲನ್ನು ಮಾತ್ರ ಹಿಂದೊಮ್ಮೆ ಯಾರೋ ಮಹಡಿಯ ಆ ಕಪ್ಪು ಗಂಟಿನಿಂದ ಎತ್ತಿಕೊಂಡಿದ್ದಾರೆ, ಕೈಗೆ ಹತ್ತಿರ ಸಿಕ್ಕಿತೆಂದು. ಆರೇಳು ಮೀಟರ್ ವೈರು ಉಳಿದಿರಬಹುದು. ಆಗ ಎಲ್ಲ ನ್ಯೂಟ್ರಲ್ಲೂ ಕೊನೆಗೆ ಒಂದೇ ಕಡೆ ಸೇರುತ್ತಿದ್ದುದರಿಂದ ದೀಪ ಉರಿಯಿತು, ಯಾರಿಗೂ ಗೊತ್ತಾಗಲಿಲ್ಲ. ಒಂದು ಅಂಗಡಿಯಲ್ಲಿ ಮಾಡಿದ ಸಾಲವನ್ನು ಪಕ್ಕದ ಅಂಗಡಿಗೆ ತೀರಿಸಿದಂತೆ. ಎರಡೂ ಅಂಗಡಿಗೆ ಒಂದೇ ಪುಸ್ತಕವಿದ್ದಷ್ಟು ದಿನ ತೊಂದರೆಯಿಲ್ಲ. ಅಂತಸ್ತಿಗೊಂದು ಆರ್‌ಸಿಸಿಬಿ ಬಂದಾಗ ಪುಸ್ತಕಗಳು ಬೇರೆಯಾದವು. ಕೆಳಗಿನದರಲ್ಲಿ ಹೋದದ್ದು ಬರಲಿಲ್ಲ, ಮೇಲಿನದರಲ್ಲಿ ಹೋಗದ್ದು ಬಂತು. 60 ವ್ಯಾಟಿನ ಬಲ್ಬಿಗೆ ಹರಿಯುವುದು ಸುಮಾರು 260 ಮಿಲಿ ಆಂಪಿಯರ್. 30ಕ್ಕೆ ಕೂಗುವ ಗುಮಾಸ್ತರಿಬ್ಬರಲ್ಲಿ ಯಾರು ಮೊದಲು ಕೂಗಿದರೆ ಅವರ ಅಂತಸ್ತು ಕತ್ತಲು.

ನನ್ನನ್ನು ನಿಜಕ್ಕೂ ಬೆದರಿಸಿದ್ದು ಇನ್ನೊಂದು. ಆರ್‌ಸಿಸಿಬಿ ಆರಿಸಿದಾಗ ಫೇಸ್ ಜೊತೆಗೆ ನ್ಯೂಟ್ರಲ್ಲೂ ಕಡಿಯುತ್ತದೆ. ಮಹಡಿಯ ನ್ಯೂಟ್ರಲ್ ಹೀಗೆ ತೂಗುವಂತಾದಾಗ ಕೆಳಗಿನ ಫೇಸ್ ಬಲ್ಬಿನ ತಂತಿಯ ಮೂಲಕ ಬಂದು ಅದನ್ನು ತುಂಬುತ್ತದೆ. ಆಗ ಬಲ್ಬು ಉರಿಯುವುದಿಲ್ಲ. ಟೂ ವೇ ಸ್ವಿಚ್ಚಾದ್ದರಿಂದ ಅದರ ಗುಬುಟು ಮೇಲಿದೆಯೋ ಕೆಳಗಿದೆಯೋ ನೋಡಿ ದೀಪ ಹಾಕಿದೆಯೇ ಇಲ್ಲವೇ ಹೇಳಲೂ ಆಗುವುದಿಲ್ಲ. ಮಹಡಿಯ ಕರೆಂಟು ಆರಿಸಿದ್ದೇನೆ ಎಂದು ನಂಬಿ ಕಪ್ಪು ವೈರನ್ನು ಬರಿಗೈಯಲ್ಲಿ ಮುಟ್ಟಿದವರಿಗೆ 228 ವೋಲ್ಟ್ ಕಾದಿರುತ್ತದೆ. ಆರ್‌ಸಿಸಿಬಿಯನ್ನೂ ತೆಗೆದು ‘ನೇರ’ ಕೊಟ್ಟಿದ್ದರೆ ದೀಪವೇನೋ ಸರಾಗವಾಗಿ ಉರಿಯುತ್ತಿತ್ತು, ಮಹಡಿಯ ನ್ಯೂಟ್ರಲ್ ಬಿಚ್ಚಿದವರನ್ನು ಕಾಯುವವರು ಇರುತ್ತಿರಲಿಲ್ಲ. ಎರಡು ಅಂತಸ್ತಿನ ಹಳೆಯ ಮನೆಯಲ್ಲಿ ಮೆಟ್ಟಿಲ ದೀಪ ಮುಟ್ಟುವವರು ಮೇನ್ ಅನ್ನೇ ಆರಿಸಬೇಕು, ಆರಿದೆ ಎಂದು ಅಳೆದು ನೋಡಬೇಕು, ಅಳೆದ ಟೆಸ್ಟರನ್ನು ಅಳೆಯುವ ಮುಂಚೆಯೂ ಆಮೇಲೂ ಕರೆಂಟಿರುವ ಜಾಗಕ್ಕೆ ತಾಗಿಸಿ ಪರೀಕ್ಷಿಸಬೇಕು.

ಮೇನ್ ಆರಿಸಿ, ಬೋರ್ಡಿನಲ್ಲಿ ಮಹಡಿಯ ನ್ಯೂಟ್ರಲ್ ಬಿಚ್ಚಿ, ಮೆಟ್ಟಿಲ ದೀಪದ ಹೋಲ್ಡರಿನಿಂದ ಅಲ್ಲಿಯವರೆಗೆ ಬೀಪ್ ಬರುತ್ತದೆಯೇ ಎಂದೂ ನೋಡಿದೆ. ಬಂತು. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ದುರಸ್ತಿಗೆ ಲೈಸೆನ್ಸ್ ಇರುವ ಬೇರೆ ಎಲೆಕ್ಟ್ರಿಷಿಯನ್ ಬಂದರು. ಹೋಲ್ಡರಿನಿಂದ ಹಳೆಯ ನ್ಯೂಟ್ರಲ್ ಬಿಡಿಸಿ, ಕೆಳಗಿನ ಅಂತಸ್ತಿನದೇ ನ್ಯೂಟ್ರಲ್ಲನ್ನು ಹೊಸ ವೈರಿನಲ್ಲಿ ಎಳೆದುಕೊಟ್ಟರು. ಉದುರುತ್ತಿದ್ದ ರಬ್ಬರ್ ವೈರುಗಳನ್ನೂ ಬದಲಿಸಬೇಕೆಂದು ನಾನು ಹೇಳುವ ಮೊದಲೇ ಅವರೇ ಹೇಳಿದರು. ಆ ಒಂದು ಮಾತಿಗೆ ಅವರ ಮೇಲೆ ಗೌರವ ಮೂಡಿತು.

ಇನ್ನು ಟೆಸ್ಟರಿನ ಕೊರತೆಗಳು. ಎರಡೂ ಕೈ ಬೇಕು. ಏಣಿಯ ಮೇಲೆ ಅದು ಕಷ್ಟ, ಟಾರ್ಚ್ ಹಿಡಿಯಲು ಇನ್ನೊಬ್ಬರು ಬೇಕು. ಮೊನೆಗೆ ಹಾಕುವ ರಕ್ಷಣೆಯ ಟೋಪಿ ಬಿಟ್ಟರೆ ಕಾಣುವ ಲೋಹ ನಾಲ್ಕು ಮಿಲಿಮೀಟರಿನಷ್ಟೇ. ಸುರಕ್ಷತೆಗೆ ಸರಿ, ಆದರೆ ಹಳೆಯ ಸ್ವಿಚ್ಚುಗಳ ಆಳದ ಸ್ಕ್ರೂ ತಲೆಗೆ ಅದು ನಿಲುಕುವುದಿಲ್ಲ. ಟೋಪಿ ತೆಗೆದು ಹಾಕುತ್ತಾ ಇರಬೇಕು. ಎರಡನೆಯ ಕಡ್ಡಿಗೆ ಆಧಾರವೊಂದು ಬೇಕೇ ಬೇಕು, ಅರ್ಥ್ ಇಲ್ಲದ ಹಳೆಯ ಲೈಟ್ ಪಾಯಿಂಟಿನಲ್ಲಿ ನನ್ನ ಹಾಗೆ ಉದ್ದನೆಯ ವೈರು ಎಳೆಯದೆ ಗತಿಯಿಲ್ಲ. ನಡುವಿನ ಒಂದು ಮೀಟರ್ ವೈರು ಅಂಥ ಹೊತ್ತಿನಲ್ಲಿ ಮೊಳದಷ್ಟೇ ಇದೆಯೇನೋ ಅನ್ನಿಸುತ್ತದೆ. ವೋಲ್ಟೇಜ್ ಇದೆಯೇ ಇಲ್ಲವೇ ಎಂಬುದಕ್ಕೆ ಇದರ ಮಾತೇ ಮಾತು. 195 ಇದೆಯೋ 228 ಇದೆಯೋ ಎಂದು ಕೇಳಿದರೆ ಏಣಿಯಲ್ಲಿ ಉತ್ತರವಿಲ್ಲ. ಅದಕ್ಕೆ ಮಲ್ಟಿಮೀಟರ್ ಇಟ್ಟುಕೊಳ್ಳಬೇಕು.

ಇನ್ನೊಂದು, ಕೊರತೆಯೋ ಗುಣವೋ ನೀವೇ ತೀರ್ಮಾನಿಸಿ. ಮೊದಲ ದಿನ ಉತ್ಸಾಹದಲ್ಲಿ ಕೆಳಗಿನ ಫೇಸಿಗೂ ಅರ್ಥ್‌ಗೂ ಕಡ್ಡಿ ತಾಗಿಸಿ ಎರಡೂ ಗುಂಡಿ ಒತ್ತಿದೆ. ಟಕ್. ಮನೆ ಕತ್ತಲು. ಅಡುಗೆಮನೆಯಿಂದ ಅಮ್ಮ, “ಮತ್ತೆ ಆ ಮೆಟ್ಟಿಲ ದೀಪ ಹಾಕಿದೆಯಾ?” ಎಂದು ಕೂಗಿದರು. ಗುಂಡಿ ಒತ್ತಿದಾಗ ಎಳೆಯುವ ಕರೆಂಟು ಆರ್‌ಸಿಸಿಬಿಯನ್ನು ಬೀಳಿಸುವಷ್ಟಿರುತ್ತದೆ ಎಂದು ಕೈಪಿಡಿಯಲ್ಲಿ ಬರೆದಿತ್ತು, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ. ಆರ್‌ಸಿಸಿಬಿ ಬದುಕಿದೆ ಎಂಬುದಂತೂ ಖಚಿತವಾಯಿತು.

ಬೆಲೆಯಲ್ಲಿ ಇದು ಅಪ್ಪನ ಟೆಸ್ಟರಿನ ಹತ್ತಿರಕ್ಕೂ ಬರುವುದಿಲ್ಲ, ಬಹಳ ಹೆಚ್ಚು. ವರ್ಷಕ್ಕೊಮ್ಮೆ ಬಲ್ಬು ಬದಲಿಸುವವರಿಗೆ ಬೇಕಿಲ್ಲ. ಹಳೆಯ ಮನೆಯ ಸ್ವಿಚ್ ಬೋರ್ಡಿಗೆ ಕೈ ಹಾಕುವ ಯೋಚನೆ ಇರುವವರು ಉಳಿದ ಮೂರಕ್ಕಿಂತ ಮೊದಲು ಇದನ್ನು ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಅಪ್ಪ ಒಪ್ಪುವುದಿಲ್ಲ. ಹೊಸ ನ್ಯೂಟ್ರಲ್ಲಿಗೆ ತಮ್ಮ ಟೆಸ್ಟರ್ ತಾಗಿಸಿ, ಅದು ಹೊತ್ತುವುದಿಲ್ಲ ಎಂದು ಅಂಗೈ ಮರೆಯಲ್ಲಿ ಖಾತ್ರಿ ಮಾಡಿಕೊಂಡ ಮೇಲೆಯೇ ಅವರು ಏಣಿ ಇಳಿದದ್ದು.

ಈಗ ಬಚ್ಚಲುಮನೆಯ ಹೊರಗಿನ ಸ್ವಿಚ್ ಬಾಕಿ ಇದೆ. ಹಾಕುವಾಗ ‘ಚಿರ್’ ಎನ್ನುತ್ತದೆ, ಗೀಸರ್ ಅರ್ಧ ಗಂಟೆ ಓಡಿದರೆ ಮುಚ್ಚಳ ಬೆಚ್ಚಗಾಗುತ್ತದೆ. ಅದಕ್ಕೆ ಯಾವ ಟೆಸ್ಟರೂ ಬೇಡ, ಸಡಿಲ ಸ್ಕ್ರೂ ಇರಬೇಕು, ಇಲ್ಲವೇ ಒಳಗಿನ ಕಾಂಟ್ಯಾಕ್ಟು ಸುಟ್ಟಿರಬೇಕು. ಎಲೆಕ್ಟ್ರಿಷಿಯನ್ ಗುರುವಾರ ಬರುತ್ತೇನೆ ಎಂದಿದ್ದಾರೆ. ಅಲ್ಲಿಯವರೆಗೆ ಗೀಸರ್ ಬಂದ್.